ಫಾಕ್‌ಲ್ಯಾಂಡ್ ದ್ವೀಪಗಳು: ನೆಲೆ ಊರಿದವರು, ಹಕ್ಕು ಸಾರಿದವರು

ಅರ್ಜೆಂಟೀನಾದ ಪೆಟಗೋನಿಯಾ ಕರಾವಳಿಯಿಂದ ಪೂರ್ವಕ್ಕೆ ಸುಮಾರು 480 ಕಿಲೋಮೀಟರ್ ದೂರದಲ್ಲಿ, ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಫಾಕ್‌ಲ್ಯಾಂಡ್ ದ್ವೀಪಸಮೂಹವು ಎರಡು ದೊಡ್ಡ ದ್ವೀಪಗಳನ್ನೂ ಏಳುನೂರಕ್ಕೂ ಮಿಕ್ಕ ಸಣ್ಣಪುಟ್ಟ ದ್ವೀಪಗಳನ್ನೂ ಒಳಗೊಂಡು 12,000 ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ವಿಸ್ತೀರ್ಣ ಹೊಂದಿದೆ. ಸಹಜವಾಗಿ ಬೆಳೆದ ಮರಗಳೇ ಇಲ್ಲದ, ವರ್ಷವಿಡೀ ಗಾಳಿ ಬೀಸುವ, ಹುಲ್ಲು ಮತ್ತು ಜೌಗುನೆಲದ ಈ ಪ್ರದೇಶದಲ್ಲಿ ಇಂದು ವಾಸಿಸುವವರು ಸುಮಾರು 3,600 ಜನ ಮಾತ್ರ. ಅವರನ್ನು ಆಳುವ ಬ್ರಿಟನ್ ಇಲ್ಲಿಂದ 13,000 ಕಿಲೋಮೀಟರಿನಷ್ಟು ದೂರದಲ್ಲಿದೆ. ರಕ್ಷಣೆ ಮತ್ತು ವಿದೇಶ ವ್ಯವಹಾರಗಳನ್ನು ಲಂಡನ್ ನೋಡಿಕೊಂಡರೆ, ಉಳಿದ ಆಡಳಿತವನ್ನು ಸ್ಥಳೀಯ ಚುನಾಯಿತ ಸಭೆ ನಡೆಸುವ ‘ಸಾಗರೋತ್ತರ ಪ್ರದೇಶ’ ಎಂಬ ಸ್ಥಾನ ಈ ದ್ವೀಪಗಳಿಗಿದೆ. ಇವೇ ದ್ವೀಪಗಳನ್ನು ಅರ್ಜೆಂಟೀನಾ ಮಾಲ್ವಿನಾಸ್ ಎಂದು ಕರೆಯುತ್ತದೆ, ತನ್ನ ಭೂಪಟದಲ್ಲಿ ತನ್ನದೇ ನೆಲವಾಗಿ ತೋರಿಸುತ್ತದೆ, ಮತ್ತು 1833ರಿಂದ ಅವು ಅಕ್ರಮ ವಶದಲ್ಲಿವೆಯೆಂದು ವಾದಿಸುತ್ತ ಬಂದಿದೆ.

ವಸಾಹತುಶಾಹಿಯ ಇತಿಹಾಸದಲ್ಲಿ ಈ ವಿವಾದಕ್ಕೆ ಒಂದು ವಿಶೇಷವಿದೆ. ಯುರೋಪಿಯನ್ನರು ಬಂದಾಗ ಇಲ್ಲಿ ಜನವಸತಿ ಇರಲಿಲ್ಲ. ವಾರಾ ಎಂಬ ತೋಳದಂಥ ಒಂದು ಪ್ರಾಣಿಯೇ ಇಲ್ಲಿಯ ಏಕೈಕ ಸ್ಥಳೀಯ ನೆಲಸಸ್ತನಿಯಾಗಿತ್ತು, ಅದೂ 1876ರ ಹೊತ್ತಿಗೆ ಕುರಿಸಾಕಣೆದಾರರ ಕೈಯಲ್ಲಿ ನಿರ್ನಾಮವಾಯಿತು. ಹಾಗಾಗಿ ಇಲ್ಲಿ ಹಕ್ಕು ಹೇಳಿದವರೆಲ್ಲರೂ ಹೊರಗಿನಿಂದ ಬಂದವರೇ, ಮೂಲನಿವಾಸಿಗಳ ಪರವಾಗಿ ಮಾತನಾಡುವ ನೈತಿಕ ಅಧಿಕಾರ ಯಾರಿಗೂ ಇಲ್ಲ. ಉಳಿಯುವುದು ಎರಡೇ ಪ್ರಶ್ನೆ: ಖಾಲಿ ನೆಲದ ಮೇಲೆ ಯಾರು, ಯಾವಾಗ, ಎಷ್ಟು ಕಾಲ ನಿಂತರು, ಮತ್ತು ನಿಂತವರ ಮಾತಿಗೆ ಎಷ್ಟು ಬೆಲೆ.

ಇಂಗ್ಲಿಷ್ ನಾವಿಕ ಜಾನ್ ಡೇವಿಸ್ 1592ರಲ್ಲಿ ಈ ದ್ವೀಪಗಳನ್ನು ಕಂಡನೆಂದು ಬ್ರಿಟಿಷರು ಹೇಳುತ್ತಾರೆ; 1600ರಲ್ಲಿ ಡಚ್ ನಾವಿಕ ಸೆಬಾಲ್ಡ್ ಡಿ ವೇರ್ಟ್ ಇವುಗಳ ವಾಯವ್ಯ ಅಂಚಿನ ಕಿರುದ್ವೀಪಗಳನ್ನು ಗುರುತಿಸಿದ. ದಾಖಲೆಗೆ ಸಿಗುವಂತೆ ಮೊದಲು ಕಾಲಿಟ್ಟವನು 1690ರಲ್ಲಿ ಬಂದ ಜಾನ್ ಸ್ಟ್ರಾಂಗ್. ಎರಡು ದೊಡ್ಡ ದ್ವೀಪಗಳ ನಡುವಿನ ಜಲಸಂಧಿಗೆ ಅವನು ಇಟ್ಟ ಫಾಕ್‌ಲ್ಯಾಂಡ್ ಎಂಬ ಹೆಸರೇ ಮುಂದೆ ಇಡೀ ಸಮೂಹಕ್ಕೆ ನಿಂತಿತು. ಆದರೆ ದೂರದಿಂದ ಕಂಡ ಮಾತ್ರಕ್ಕೆ ಅಥವಾ ನೀರು ತುಂಬಿಸಿಕೊಳ್ಳಲು ಒಮ್ಮೆ ಇಳಿದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲವೆಂಬುದು ಅಂತರರಾಷ್ಟ್ರೀಯ ಕಾನೂನಿನ ಸಾಮಾನ್ಯ ನಿಲುವು. ಆದ್ದರಿಂದ ನಿಜವಾದ ಕಥೆ ಆರಂಭವಾಗುವುದು 1764ರಲ್ಲಿ, ಅದೂ ಇಂಗ್ಲಿಷರಿಂದಾಗಲಿ ಸ್ಪೇನಿನವರಿಂದಾಗಲಿ ಅಲ್ಲ, ಫ್ರೆಂಚರಿಂದ. ಲೂಯಿ ಆಂಟ್ವಾನ್ ದ ಬೂಗೆನ್‌ವಿಲ್ ಎಂಬ ನೌಕಾಧಿಕಾರಿ ಪೂರ್ವ ದ್ವೀಪದಲ್ಲಿ ಪೋರ್ಟ್ ಲೂಯಿ ಎಂಬ ನೆಲೆ ಕಟ್ಟಿ, ಕೆಲವು ಕುಟುಂಬಗಳನ್ನು ಕರೆತಂದು ಕೂರಿಸಿದ. ಸ್ಯಾಂ ಮಾಲೊ ಬಂದರಿನಿಂದ ಬಂದ ನಾವಿಕರ ನೆನಪಿನಲ್ಲಿ ಫ್ರೆಂಚರು ಕೊಟ್ಟ ಮಾಲೂಯಿನ್ ಎಂಬ ಹೆಸರೇ ಸ್ಪ್ಯಾನಿಷ್ ಬಾಯಲ್ಲಿ ಮಾಲ್ವಿನಾಸ್ ಆಯಿತು. ಮರುವರ್ಷ, 1765ರಲ್ಲಿ, ಜಾನ್ ಬೈರನ್ ಎಂಬ ಇಂಗ್ಲಿಷ್ ಅಧಿಕಾರಿ ಪಶ್ಚಿಮ ಭಾಗದ ಸಾಂಡರ್ಸ್ ದ್ವೀಪದಲ್ಲಿ ಇಳಿದು ಎಲ್ಲ ದ್ವೀಪಗಳೂ ಮೂರನೆಯ ಜಾರ್ಜ್ ದೊರೆಗೆ ಸೇರಿದವೆಂದು ಘೋಷಿಸಿದ, ಅದರ ಮುಂದಿನ ವರ್ಷ ಅಲ್ಲಿ ಪೋರ್ಟ್ ಎಗ್ಮಂಟ್ ಎಂಬ ನೆಲೆ ಎದ್ದಿತು.

ದಕ್ಷಿಣ ಅಮೆರಿಕದ ಈ ತುದಿಯೆಲ್ಲ ತನ್ನದೆಂದು ನಂಬಿದ್ದ ಸ್ಪೇನ್ ಇದನ್ನು ಸಹಿಸಲಿಲ್ಲ. ಮಿತ್ರರಾಜ್ಯವಾದ ಫ್ರಾನ್ಸ್ 1767ರಲ್ಲಿ ಪರಿಹಾರ ಪಡೆದು ಪೋರ್ಟ್ ಲೂಯಿಯನ್ನು ಸ್ಪೇನಿಗೆ ಒಪ್ಪಿಸಿತು. 1770ರಲ್ಲಿ ಬ್ಯೂನಸ್ ಐರಿಸ್‌ನಿಂದ ಹೊರಟ ಸ್ಪ್ಯಾನಿಷ್ ಹಡಗುಗಳು ಪೋರ್ಟ್ ಎಗ್ಮಂಟಿನ ಬ್ರಿಟಿಷರನ್ನು ಹೊರಹಾಕಿದವು. ಯುದ್ಧ ಇನ್ನೇನು ಸಂಭವಿಸಿತು ಎನ್ನುವಾಗ 1771ರ ಜನವರಿಯಲ್ಲಿ ಸ್ಪೇನ್ ಆ ನೆಲೆಯನ್ನು ಹಿಂದಿರುಗಿಸಲು ಒಪ್ಪಿತಾದರೂ, ದ್ವೀಪಗಳ ಮೇಲಿನ ಪೂರ್ವಹಕ್ಕಿನ ಪ್ರಶ್ನೆಗೆ ಇದರಿಂದ ಬಾಧೆಯಿಲ್ಲವೆಂಬ ಷರತ್ತನ್ನು ಅದೇ ಪತ್ರದಲ್ಲಿ ಸೇರಿಸಿತು. ಇಂಗ್ಲೆಂಡಿನ ಪ್ರಸಿದ್ಧ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಆ ವರ್ಷ ಬರೆದ ಕಿರುಹೊತ್ತಗೆಯ ವಾದವಂತೂ, ಇಂಥ ಬಂಜರು ದ್ವೀಪಗಳಿಗಾಗಿ ರಕ್ತ ಹರಿಸುವುದು ಮೂರ್ಖತನ ಎಂಬುದಾಗಿತ್ತು. ಖರ್ಚು ತಾಳಲಾರದ ಬ್ರಿಟನ್ 1774ರಲ್ಲಿ, ದ್ವೀಪಗಳು ತನ್ನವೆಂದು ಸಾರುವ ಒಂದು ಸೀಸದ ಫಲಕ ಬಿಟ್ಟು ಹೊರಟುಹೋಯಿತು. ಸ್ಪೇನ್ ಬ್ಯೂನಸ್ ಐರಿಸ್‌ನಿಂದ ಗವರ್ನರುಗಳನ್ನು ಕಳಿಸುತ್ತ 1811ರವರೆಗೆ ಇದ್ದು, ತನ್ನ ಅಮೆರಿಕನ್ ಸಾಮ್ರಾಜ್ಯ ಕುಸಿಯತೊಡಗಿದಾಗ ಅದೂ ಹೊರಟಿತು. ಹಕ್ಕಿನ ಘೋಷಣೆ ಬಿಟ್ಟುಹೋಗುವುದು ಇಬ್ಬರಿಗೂ ಸುಲಭವಾಗಿತ್ತು. ಜನರನ್ನು ಬಿಟ್ಟುಹೋಗುವಷ್ಟು ಆಸಕ್ತಿ ಇಬ್ಬರಿಗೂ ಇರಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳ ಘಟನೆಗಳ ಮೇಲೆಯೇ ಇಂದಿನ ವಾದಗಳೆಲ್ಲ ನಿಂತಿರುವುದರಿಂದ ಅವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ಪೇನಿನಿಂದ ಬಿಡುಗಡೆ ಪಡೆದ ರಾಷ್ಟ್ರಗಳು ತಮ್ಮ ತಮ್ಮ ಪ್ರಾಂತದ ಹಳೆಯ ಆಡಳಿತ ಗಡಿಗಳನ್ನೇ ರಾಷ್ಟ್ರದ ಗಡಿಗಳಾಗಿ ಪಡೆಯುತ್ತವೆ ಎಂಬುದು ದಕ್ಷಿಣ ಅಮೆರಿಕದಲ್ಲಿ ಬೆಳೆದ ತತ್ತ್ವ. ಕಾನೂನು ಗ್ರಂಥಗಳಲ್ಲಿ ಇದಕ್ಕೆ ‘ಯುಟಿ ಪೊಸಿಡೆಟಿಸ್’ ಎಂಬ ಲ್ಯಾಟಿನ್ ಹೆಸರಿದೆ. ಬ್ಯೂನಸ್ ಐರಿಸ್‌ನಿಂದ ಆಳಲ್ಪಟ್ಟ ದ್ವೀಪಗಳು ಅದೇ ನ್ಯಾಯದಿಂದ ತನಗೆ ಬಂದವೆಂದು ಅರ್ಜೆಂಟೀನಾ ಹೇಳುತ್ತದೆ. ಆ ಹೊಸ ಸರ್ಕಾರದ ಪರವಾಗಿ 1820ರ ನವೆಂಬರಿನಲ್ಲಿ ಡೇವಿಡ್ ಜುವೆಟ್ ಎಂಬ ಅಮೆರಿಕನ್ ಮೂಲದ ನಾವಿಕ ಪೋರ್ಟ್ ಲೂಯಿಯಲ್ಲಿ ಧ್ವಜ ಏರಿಸಿದ. ಆದರೆ ನಿಜವಾಗಿ ನೆಲೆ ಊರಲು ಯತ್ನಿಸಿದವನು ಹ್ಯಾಂಬರ್ಗಿನಲ್ಲಿ ಹುಟ್ಟಿ ಬ್ಯೂನಸ್ ಐರಿಸ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ಲೂಯಿಸ್ ವರ್ನೆಟ್. ಹಿಂದಿನವರು ಬಿಟ್ಟುಹೋದ ದನಗಳು ಕಾಡುಬಿದ್ದು ಸಾವಿರಗಟ್ಟಲೆ ಹೆಚ್ಚಿದ್ದವು. ಅವುಗಳನ್ನು ಹಿಡಿದು ತೊಗಲು ಮತ್ತು ಉಪ್ಪುಮಾಂಸ ಮಾರುವ ಹಕ್ಕನ್ನು ಅವನು 1820ರ ದಶಕದಲ್ಲಿ ಪಡೆದುಕೊಂಡ, ಗೌಚೊಗಳೆಂಬ ಕುದುರೆ ಸವಾರ ದನಗಾಹಿಗಳು, ಜರ್ಮನರು, ಇಂಗ್ಲಿಷರು, ಕಪ್ಪುವರ್ಣದ ಗುಲಾಮರು ಸೇರಿದ ಒಂದು ಮಿಶ್ರ ಜನಸಮೂಹವನ್ನು ಅಲ್ಲಿಗೆ ತಂದ. 1829ರ ಜೂನ್ 10ರಂದು ಬ್ಯೂನಸ್ ಐರಿಸ್ ಸರ್ಕಾರ ಅಲ್ಲಿಗೆ ಒಂದು ರಾಜಕೀಯ ಮತ್ತು ಸೇನಾ ಅಧಿಕಾರಕೇಂದ್ರವನ್ನು ಸ್ಥಾಪಿಸಿ ಅದರ ಮುಖ್ಯಸ್ಥನಾಗಿ ವರ್ನೆಟನನ್ನು ನೇಮಿಸಿತು, ಬ್ರಿಟನ್ ಅದೇ ವರ್ಷ ಪ್ರತಿಭಟನೆ ಸಲ್ಲಿಸಿತು. ಅರ್ಜೆಂಟೀನಾ ಇಂದಿಗೂ ಆ ದಿನವನ್ನು ತನ್ನ ಹಕ್ಕಿನ ದಿನವಾಗಿ ಆಚರಿಸುತ್ತದೆ.

ವರ್ನೆಟನನ್ನು ಕೆಡಿಸಿದ್ದು ಬ್ರಿಟನ್ ಅಲ್ಲ, ಅಮೆರಿಕ. ಸೀಲ್ ಬೇಟೆಗೆ ತನ್ನ ಅನುಮತಿ ಬೇಕೆಂದು ಅವನು 1831ರಲ್ಲಿ ಅಮೆರಿಕನ್ ಹಡಗುಗಳನ್ನು ಹಿಡಿದಾಗ, ಲೆಕ್ಸಿಂಗ್ಟನ್ ಎಂಬ ಅಮೆರಿಕನ್ ಯುದ್ಧನೌಕೆ ಬಂದು ಆ ನೆಲೆಯನ್ನು ಹಾಳುಗೆಡವಿ, ದ್ವೀಪಗಳಿಗೆ ಯಾವ ಸರ್ಕಾರವೂ ಇಲ್ಲವೆಂದು ಸಾರಿ ಹೋಯಿತು. 1832ರಲ್ಲಿ ಬ್ಯೂನಸ್ ಐರಿಸ್ ಕಳಿಸಿದ ಹೊಸ ಅಧಿಕಾರಿ ಮೆಸ್ಟಿವಿಯೆ ತನ್ನದೇ ಸೈನಿಕರ ದಂಗೆಯಲ್ಲಿ ಕೊಲೆಯಾದ. ಇಂಥ ಅರಾಜಕ ಸ್ಥಿತಿಯಲ್ಲಿ, 1833ರ ಜನವರಿ ಆರಂಭದಲ್ಲಿ, ಕ್ಲಿಯೊ ಎಂಬ ಬ್ರಿಟಿಷ್ ಯುದ್ಧನೌಕೆಯ ಕ್ಯಾಪ್ಟನ್ ಆನ್ಸ್ಲೊ ಬಂದು ತನ್ನ ಧ್ವಜ ಏರಿಸಿ, ಅರ್ಜೆಂಟೀನಾದ ಅಧಿಕಾರಿ ಪಿನೆಡೊಗೆ ಹೊರಡಲು ಹೇಳಿದ. ಬಲ ಕಡಿಮೆಯಿದ್ದ ಪಿನೆಡೊ ಪ್ರತಿಭಟಿಸಿ, ಗುಂಡು ಹಾರಿಸದೆ ತನ್ನ ಕಾವಲುಪಡೆಯೊಂದಿಗೆ ಹೊರಟ. ಅರ್ಜೆಂಟೀನಾದ ಪಠ್ಯಗಳು ಇದನ್ನು ಒಂದು ಜನಸಮುದಾಯದ ಉಚ್ಚಾಟನೆಯೆಂದು ವರ್ಣಿಸುತ್ತವೆ. ಹೊರಹಾಕಲ್ಪಟ್ಟದ್ದು ಮುಖ್ಯವಾಗಿ ಕಾವಲುಪಡೆ. ಮೂವತ್ತರ ಆಸುಪಾಸಿನಲ್ಲಿದ್ದ ನಾಗರಿಕರಲ್ಲಿ ಹೆಚ್ಚಿನವರು ಉಳಿದುಕೊಂಡರು, ಉಳಿಯುವಂತೆ ಅವರನ್ನು ಪ್ರೋತ್ಸಾಹಿಸಲಾಯಿತು ಎಂಬುದನ್ನು ದಾಖಲೆಗಳು ತೋರಿಸುತ್ತವೆ. ಆದರೆ ಬಂದೂಕು ಸಿಡಿಯದ ಮಾತ್ರಕ್ಕೆ ಅದು ಬಲಪ್ರಯೋಗವಲ್ಲ ಎನ್ನುವ ಬ್ರಿಟಿಷ್ ಧೋರಣೆಯೂ ಪ್ರಾಮಾಣಿಕವಲ್ಲ.

ಉಳಿದವರ ಸ್ಥಿತಿ ಚೆನ್ನಾಗಿರಲಿಲ್ಲ. ಆನ್ಸ್ಲೊ ಯಾವ ಅಧಿಕಾರಿಯನ್ನೂ ನೇಮಿಸದೆ, ಒಬ್ಬ ಅಂಗಡಿಕಾರನಿಗೆ ಧ್ವಜ ಒಪ್ಪಿಸಿ ಹೋಗಿದ್ದ. ಸಂಬಳಕ್ಕೆ ಬದಲಾಗಿ ವರ್ನೆಟನ ಹೆಸರಿನ ಕಾಗದದ ಚೀಟಿಗಳನ್ನು ಪಡೆಯುತ್ತಿದ್ದ ಗೌಚೊಗಳ ಅಸಮಾಧಾನ ಬೆಳೆದು, 1833ರ ಆಗಸ್ಟಿನಲ್ಲಿ ಅಂತೋನಿಯೊ ರಿವೆರೊ ಎಂಬವನ ನೇತೃತ್ವದ ಗುಂಪು, ವರ್ನೆಟನ ಪ್ರತಿನಿಧಿ ಮ್ಯಾಥ್ಯೂ ಬ್ರಿಸ್ಬೇನ್ ಸೇರಿ ಐವರನ್ನು ಕೊಂದಿತು. ಕೂಲಿಯ ಜಗಳವೆಂದೇ ಹೆಚ್ಚಿನ ಇತಿಹಾಸಕಾರರು ಭಾವಿಸುವ ಈ ಘಟನೆಯನ್ನು ಮುಂದೆ ಅರ್ಜೆಂಟೀನಾದ ರಾಷ್ಟ್ರೀಯತಾವಾದಿಗಳು ಬ್ರಿಟಿಷ್ ವಿರೋಧಿ ಬಂಡಾಯವಾಗಿ ಓದಿದರು, ಕೊನೆಗೆ ಆ ದೇಶದ 50 ಪೆಸೊ ನೋಟಿನ ಮೇಲೆ ಗೌಚೊ ರಿವೆರೊನ ಚಿತ್ರವೂ ಬಂತು. ಬೀಗಲ್ ಹಡಗಿನಲ್ಲಿ 1833 ಮತ್ತು 1834ರಲ್ಲಿ ಇಲ್ಲಿಗೆ ಬಂದ ತರುಣ ಚಾರ್ಲ್ಸ್ ಡಾರ್ವಿನ್ ಕಂಡದ್ದು ಇಂಥ ದಿಕ್ಕುಗೆಟ್ಟ ನೆಲೆಯನ್ನೇ.

ಬ್ರಿಟಿಷ್ ವಸಾಹತು ನಿಧಾನವಾಗಿ ಬೇರುಬಿಟ್ಟಿತು. 1842ರಲ್ಲಿ ರಿಚರ್ಡ್ ಮೂಡಿ ಎಂಬ ಎಂಜಿನಿಯರ್ ಅಧಿಕಾರಿ ಆಡಳಿತ ವಹಿಸಿಕೊಂಡ; ಆಳವಾದ ಬಂದರಿಗಾಗಿ ರಾಜಧಾನಿಯನ್ನು ಹೊಸ ಜಾಗಕ್ಕೆ ಒಯ್ದು, ವಸಾಹತು ಸಚಿವನ ಹೆಸರಿನಲ್ಲಿ ಸ್ಟ್ಯಾನ್ಲಿ ಪಟ್ಟಣ ಕಟ್ಟಲಾಯಿತು. 1849ರಲ್ಲಿ ನಿವೃತ್ತ ಸೈನಿಕರ ಕುಟುಂಬಗಳು ಬಂದವು, ಆಮೇಲೆ ಸ್ಕಾಟ್ಲೆಂಡಿನ ಕುರಿಗಾಹಿಗಳು ಬಂದರು. ಹಾರ್ನ್ ಭೂಶಿರವನ್ನು ಸುತ್ತಿ ಜರ್ಜರಿತವಾದ ಹಡಗುಗಳ ದುರಸ್ತಿಯಿಂದ ಸ್ಟ್ಯಾನ್ಲಿ ಬದುಕಿತು, 1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೆ ಆ ದಾರಿಯೂ ಬತ್ತಿತು. ‘ಕ್ಯಾಂಪ್’ ಎಂದು ಸ್ಥಳೀಯರು ಕರೆಯುವ ಸ್ಟ್ಯಾನ್ಲಿಯ ಹೊರಗಿನ ಹುಲ್ಲುಗಾವಲುಗಳಲ್ಲಿ ದನಗಳ ಜಾಗವನ್ನು ಕುರಿಗಳು ಆಕ್ರಮಿಸಿದವು, ಉಣ್ಣೆಯೇ ಏಕೈಕ ಆದಾಯವಾಯಿತು. ಆ ಉಣ್ಣೆಯ ಲಾಭ ಮಾತ್ರ ಅಲ್ಲಿ ನಿಲ್ಲಲಿಲ್ಲ. 1850ರ ದಶಕದ ಆರಂಭದಲ್ಲಿ ರಾಜಸನ್ನದು ಪಡೆದ ಫಾಕ್‌ಲ್ಯಾಂಡ್ ಐಲ್ಯಾಂಡ್ಸ್ ಕಂಪನಿಯು ಭೂಮಿಯ ಬಹುಭಾಗಕ್ಕೂ ಅಂಗಡಿಗೂ ಹಡಗುಸಂಚಾರಕ್ಕೂ ಒಡೆಯನಾಗಿತ್ತು. ದುಡಿಯುವವನು ವಾಸಿಸುತ್ತಿದ್ದ ಮನೆ ಸಹ ಕೆಲಸವಿರುವಷ್ಟು ದಿನ ಮಾತ್ರ ಅವನದು. ಈ ಜನರ ಹೆಸರಿನಲ್ಲಿ ಮುಂದೆ ಯುದ್ಧವೇ ನಡೆಯಿತಾದರೂ, ಒಂದೂಕಾಲು ಶತಮಾನ ಕಾಲ ಅವರ ಕಾಲಡಿಯ ನೆಲ ಅವರದಾಗಿರಲಿಲ್ಲ ಎಂಬುದನ್ನು ಸಾರ್ವಭೌಮತ್ವದ ಚರ್ಚೆಗಳು ಮರೆಯುವುದೇ ಹೆಚ್ಚು.

ಅರ್ಜೆಂಟೀನಾದ ಪ್ರತಿಭಟನೆಗಳಲ್ಲಿ 1849ರಿಂದ 1880ರ ದಶಕದವರೆಗೆ ದೀರ್ಘ ಮೌನವಿದೆ. ಆ ಮೌನವೇ ಸಮ್ಮತಿಯೆಂದು ಬ್ರಿಟನ್ ವಾದಿಸುತ್ತದೆ. ತನ್ನ ಮೂಲಹಕ್ಕಿನ ಬಗ್ಗೆ ಬ್ರಿಟನ್ನಿಗೂ ಅಳುಕಿತ್ತೆಂಬುದು, 1910ರಲ್ಲಿ ಅದರ ವಿದೇಶಾಂಗ ಕಚೇರಿಯೊಳಗೇ ತಯಾರಾದ ಒಂದು ಟಿಪ್ಪಣಿ ಹುಟ್ಟಿಸಿದ ಸಂದೇಹಗಳಿಂದ ತಿಳಿಯುತ್ತದೆ. ಆ ಬಳಿಕ ಮೊದಲು ಕಂಡ, ಮೊದಲು ನೆಲಸಿದ ವಾದಗಳು ಹಿಂದೆ ಸರಿದು, ದೀರ್ಘಕಾಲದ ಅಡೆತಡೆಯಿಲ್ಲದ ಸ್ವಾಧೀನದಿಂದಲೇ ಹಕ್ಕು ಬರುತ್ತದೆಂಬ ವಾದ ಮುಂದೆ ಬಂತು. ಜಮೀನು ವ್ಯಾಜ್ಯಗಳಲ್ಲಿ ಪ್ರತಿಕೂಲ ಸ್ವಾಧೀನ ಎನ್ನುವುದಕ್ಕೆ ಇದು ಹತ್ತಿರದ್ದು. ಎರಡನೆಯ ಮಹಾಯುದ್ಧದ ನಂತರ ಅದರ ಜಾಗದಲ್ಲಿ ಸ್ವಯಂನಿರ್ಣಯದ ತತ್ತ್ವ, ಅಂದರೆ ಒಂದು ಜನಸಮುದಾಯ ತನ್ನ ರಾಜಕೀಯ ಭವಿಷ್ಯವನ್ನು ತಾನೇ ತೀರ್ಮಾನಿಸುವ ಹಕ್ಕು, ಬಂದು ಕುಳಿತಿತು.

ವಸಾಹತುಗಳ ವಿಮೋಚನೆಗಾಗಿ ವಿಶ್ವಸಂಸ್ಥೆ 1960ರಲ್ಲಿ ಅಂಗೀಕರಿಸಿದ 1514ನೇ ನಿರ್ಣಯದಲ್ಲಿ ಸ್ವಯಂನಿರ್ಣಯವೂ ಇದೆ, ರಾಷ್ಟ್ರಗಳ ಭೌಗೋಳಿಕ ಅಖಂಡತೆಯನ್ನು ಮುರಿಯಬಾರದೆಂಬ ಮಾತೂ ಇದೆ. ಬ್ರಿಟನ್ ಮೊದಲನೆಯದನ್ನು ಹಿಡಿದರೆ ಅರ್ಜೆಂಟೀನಾ ಎರಡನೆಯದನ್ನು ಹಿಡಿಯಿತು. 1965ರ 2065ನೇ ನಿರ್ಣಯ ಎರಡೂ ದೇಶಗಳು ಮಾತುಕತೆ ನಡೆಸಬೇಕೆಂದಿತು, ಮತ್ತು ದ್ವೀಪವಾಸಿಗಳ ‘ಹಿತ’ವನ್ನು ಗಮನದಲ್ಲಿಡಬೇಕೆಂದಿತು, ಅವರ ‘ಇಚ್ಛೆ’ ಎನ್ನಲಿಲ್ಲ. ಹಿತವನ್ನು ಬೇರೆಯವರು ನಿರ್ಧರಿಸಬಹುದು, ಇಚ್ಛೆಯನ್ನು ಅವರೇ ಹೇಳಬೇಕು. ದ್ವೀಪದವರು ಬ್ರಿಟನ್ ತಂದು ಕೂರಿಸಿದ ಜನರಾದ್ದರಿಂದ ಅವರು ಪ್ರತ್ಯೇಕ ಜನಸಮುದಾಯವಲ್ಲ ಎಂಬುದು ಅರ್ಜೆಂಟೀನಾದ ವಾದ. ಈ ವಾದದ ದೌರ್ಬಲ್ಯ ಆ ದೇಶದ ಇತಿಹಾಸದಲ್ಲಿಯೇ ಇದೆ: ದ್ವೀಪಗಳ ಎದುರಿನ ಪೆಟಗೋನಿಯಾವನ್ನು ಅರ್ಜೆಂಟೀನಾ ಮೂಲನಿವಾಸಿಗಳಿಂದ ಸೈನ್ಯಬಲದಿಂದ ಕಿತ್ತುಕೊಂಡದ್ದು 1870–80ರ ದಶಕಗಳಲ್ಲಿ, ಅಂದರೆ ಸ್ಟ್ಯಾನ್ಲಿ ಪಟ್ಟಣ ಎದ್ದ ಮೂರು ದಶಕಗಳ ಮೇಲೆ, ಮತ್ತು ಅದರ ಬಹುಪಾಲು ನಾಗರಿಕರು ಅದೇ ಕಾಲದಿಂದೀಚೆಗೆ ಯುರೋಪಿನಿಂದ ಬಂದವರ ಸಂತಾನ.

ಬ್ರಿಟನ್ನಿನ ತತ್ತ್ವನಿಷ್ಠೆಯೂ ಅಷ್ಟೇ ಸಮಯಸಾಧಕವಾಗಿತ್ತು. 1960ರ ದಶಕದ ಉತ್ತರಾರ್ಧದಿಂದ ಅದು ದ್ವೀಪಗಳನ್ನು ಬಿಟ್ಟುಕೊಡುವ ದಾರಿ ಹುಡುಕುತ್ತಿತ್ತು. 1971ರ ಸಂಪರ್ಕ ಒಪ್ಪಂದದ ಮೂಲಕ ದ್ವೀಪಗಳ ವಿಮಾನಯಾನ ಅರ್ಜೆಂಟೀನಾದ ಕೈಗೆ ಹೋಯಿತು, ಇಂಧನ ಪೂರೈಕೆಯೂ ಹಿಂದೆಯೇ ಹೋಯಿತು; 1980ರಲ್ಲಿ ಕಿರಿಯ ಸಚಿವ ನಿಕೊಲಸ್ ರಿಡ್ಲಿ ಸಾರ್ವಭೌಮತ್ವವನ್ನು ಹಸ್ತಾಂತರಿಸಿ ನೆಲವನ್ನು ಗೇಣಿಗೆ ಹಿಂಪಡೆಯುವ ಪ್ರಸ್ತಾವದೊಂದಿಗೆ ಸ್ಟ್ಯಾನ್ಲಿಗೆ ಹೋದ, ಅಲ್ಲಿಯೂ ಲಂಡನ್ನಿನ ಸಂಸತ್ತಿನಲ್ಲಿಯೂ ವಿರೋಧ ಎದುರಿಸಿ ಕೈಬಿಟ್ಟ. 1981ರ ಪೌರತ್ವ ಕಾಯ್ದೆ ಅನೇಕ ದ್ವೀಪವಾಸಿಗಳ ಪೂರ್ಣ ಬ್ರಿಟಿಷ್ ಪೌರತ್ವವನ್ನು ಕಿತ್ತುಕೊಂಡಿತು, ಅಲ್ಲಿ ಗಸ್ತಿಗಿದ್ದ ಎಂಡ್ಯೂರೆನ್ಸ್ ನೌಕೆಯನ್ನೂ ಹಿಂದೆ ಕರೆಸುವುದಾಗಿ ಅದೇ ವರ್ಷ ಪ್ರಕಟವಾಯಿತು. ಆರ್ಥಿಕ ಸಂಕಟದಲ್ಲಿ ಜನಬೆಂಬಲ ಕಳೆದುಕೊಂಡಿದ್ದ ಬ್ಯೂನಸ್ ಐರಿಸ್‌ನ ಸೇನಾಡಳಿತ ಈ ಸೂಚನೆಗಳನ್ನು ತನಗೆ ಬೇಕಾದಂತೆ ಓದಿಕೊಂಡಿತು.

1982ರ ಏಪ್ರಿಲ್ 2ರಂದು ಅರ್ಜೆಂಟೀನಾದ ಪಡೆಗಳು ಇಳಿದವು, ಜೂನ್ 14ರಂದು ಸ್ಟ್ಯಾನ್ಲಿಯಲ್ಲಿ ಶರಣಾದವು. ಎಪ್ಪತ್ತನಾಲ್ಕು ದಿನಗಳ ಆ ಸಂಘರ್ಷದಲ್ಲಿ ಅರ್ಜೆಂಟೀನಾದ 649 ಮಂದಿ, ಬ್ರಿಟನ್ನಿನ 255 ಮಂದಿ ಮತ್ತು ಮೂವರು ದ್ವೀಪವಾಸಿ ಮಹಿಳೆಯರು ಸತ್ತರು. ಅರ್ಜೆಂಟೀನಾದ ಸಾವುಗಳಲ್ಲಿ 323 ಜನರಲ್ ಬೆಲ್ಗ್ರಾನೊ ಎಂಬ ಒಂದೇ ನೌಕೆ ಮುಳುಗಿದಾಗ ಸಂಭವಿಸಿದವು. ಗೂಸ್ ಗ್ರೀನ್ ಎಂಬ ಕುರಿಸಾಕಣೆಯ ಹಳ್ಳಿಯಲ್ಲಿ 114 ಜನರನ್ನು ವಾರಗಟ್ಟಲೆ ಸಮುದಾಯ ಭವನವೊಂದರಲ್ಲಿ ಕೂಡಿಹಾಕಲಾಗಿತ್ತು. ಬ್ರಿಟಿಷ್ ನೌಕಾಪಡೆಯ ಧ್ವಜನೌಕೆಯಾಗಿದ್ದ ಹರ್ಮಿಸ್ ಎಂಬ ವಿಮಾನವಾಹಕ ನೌಕೆಯೇ ಮುಂದೆ ಭಾರತಕ್ಕೆ ಮಾರಾಟವಾಗಿ, 1987ರಿಂದ 2017ರವರೆಗೆ ವಿರಾಟ್ ಎಂಬ ಹೆಸರಿನಲ್ಲಿ ಭಾರತೀಯ ನೌಕಾಪಡೆಯಲ್ಲಿ ದುಡಿಯಿತು. ಯುದ್ಧದ ಸೋಲು ಅರ್ಜೆಂಟೀನಾದ ಸೇನಾಡಳಿತವನ್ನು ಉರುಳಿಸಿ 1983ರಲ್ಲಿ ಪ್ರಜಾಪ್ರಭುತ್ವವನ್ನು ತಂದಿತು, ಆದರೆ ದ್ವೀಪಗಳ ಮೇಲಿನ ಹಕ್ಕೊತ್ತಾಯವನ್ನು ಕುಗ್ಗಿಸಲಿಲ್ಲ; 1994ರಲ್ಲಿ ತಿದ್ದುಪಡಿಯಾದ ಸಂವಿಧಾನದಲ್ಲಿಯೇ ಅದು ಸೇರಿಕೊಂಡಿತು.

ಯುದ್ಧದಿಂದ ಎಲ್ಲರಿಗಿಂತ ಹೆಚ್ಚು ಬದಲಾದದ್ದು ದ್ವೀಪದವರ ಸ್ಥಿತಿ. 1983ರಲ್ಲಿ ಅವರಿಗೆ ಪೂರ್ಣ ಪೌರತ್ವ ಮರಳಿತು, ಕಂಪನಿಯ ದೊಡ್ಡ ಹಿಡುವಳಿಗಳು ಕ್ರಮೇಣ ಒಡೆದು ಕುಟುಂಬಗಳ ಕೈ ಸೇರಿದವು. 1987ರಿಂದ ಸುತ್ತಲಿನ ಸಮುದ್ರದಲ್ಲಿ ಮೀನುಗಾರಿಕೆಗೆ ಪರವಾನಗಿ ಶುಲ್ಕ ವಿಧಿಸುವ ಅಧಿಕಾರ ಬಂದು, ಕನ್ನಡ ಕರಾವಳಿಯಲ್ಲಿ ಬೊಂಡಾಸ್ ಎನ್ನುವ ಸ್ಕ್ವಿಡ್ ಉಣ್ಣೆಯನ್ನು ಹಿಂದಿಕ್ಕಿ ದ್ವೀಪಗಳನ್ನು ಶ್ರೀಮಂತಗೊಳಿಸಿತು. 2013ರ ಮಾರ್ಚಿನಲ್ಲಿ ನಡೆದ ಜನಮತಗಣನೆಯಲ್ಲಿ ಚಲಾವಣೆಯಾದ 1,517 ಮತಗಳಲ್ಲಿ 1,513 ಬ್ರಿಟಿಷ್ ಸಾಗರೋತ್ತರ ಪ್ರದೇಶವಾಗಿಯೇ ಉಳಿಯುವ ಪರವಾಗಿದ್ದವು, ವಿರುದ್ಧ ಬಿದ್ದವು ಮೂರು. ಬ್ರಿಟಿಷರೇ ಬ್ರಿಟಿಷರಾಗಿರಲು ಮತ ಹಾಕುವುದರಲ್ಲಿ ಅರ್ಥವೇನು ಎಂದು ಬ್ಯೂನಸ್ ಐರಿಸ್ ಅದನ್ನು ತಳ್ಳಿಹಾಕಿತು. ಆದರೆ ಒಂಬತ್ತು ತಲೆಮಾರುಗಳವರೆಗೆ ಬೇರು ಎಣಿಸಬಲ್ಲ ಕುಟುಂಬಗಳೂ, ಸೇಂಟ್ ಹೆಲೆನಾ, ಚಿಲಿ, ಫಿಲಿಪೀನ್ಸ್‌ಗಳಿಂದ ಬಂದವರೂ ಸೇರಿದ ಈ ಸಮಾಜವನ್ನು ಕೇವಲ ವಸಾಹತು ಸಿಬ್ಬಂದಿಯೆಂದು ಕಾಣುವುದು ಇಂದು ಕಷ್ಟ.

ಇದೇ ಬ್ರಿಟನ್ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ನಡೆದುಕೊಂಡ ರೀತಿಯನ್ನು ಇಲ್ಲಿ ನೆನೆಯದೆ ಹೋದರೆ ಚಿತ್ರ ಅಪೂರ್ಣ. 1960ರ ದಶಕದ ಕೊನೆಯಿಂದ 1973ರವರೆಗೆ, ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗಾಗಿ, ತಲೆಮಾರುಗಳಿಂದ ತೆಂಗಿನ ತೋಟಗಳಲ್ಲಿ ದುಡಿದಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ಅದು ಎತ್ತಂಗಡಿ ಮಾಡಿತು. ಅವರು ಕಾಯಂ ನಿವಾಸಿಗಳಲ್ಲ, ಗುತ್ತಿಗೆ ಕೂಲಿಗಳು ಎಂದು ನೆಪ ಹೇಳಿತು. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಚಾಗೋಸನ್ನು ಮಾರಿಷಸ್‌ನಿಂದ ಬೇರ್ಪಡಿಸಿದ್ದು ಕಾನೂನುಬಾಹಿರವೆಂಬ ಸಲಹಾ ಅಭಿಪ್ರಾಯ ನೀಡಿದ ಮೇಲೆ, 2025ರ ಮೇ ತಿಂಗಳಲ್ಲಿ ಹಸ್ತಾಂತರದ ಒಪ್ಪಂದಕ್ಕೆ ಸಹಿ ಬಿತ್ತು. ಸ್ಟ್ಯಾನ್ಲಿಯ ಕುರಿಗಾಹಿಗೆ ಸಿಕ್ಕ ಸ್ವಯಂನಿರ್ಣಯ ಚಾಗೋಸಿನ ತೋಟದ ಆಳಿಗೆ ಸಿಗಲಿಲ್ಲವೆಂಬುದು ಫಾಕ್‌ಲ್ಯಾಂಡ್ ಜನರ ತಪ್ಪಲ್ಲ, ಅವರ ಹಕ್ಕನ್ನು ಅದು ಕಡಿಮೆ ಮಾಡುವುದೂ ಇಲ್ಲ. ಆದರೆ ಆ ತತ್ತ್ವವನ್ನು ಬ್ರಿಟನ್ ಎತ್ತಿಹಿಡಿಯುವಾಗ ಕೇಳುವ ಲೋಕ ಅದನ್ನು ಅನುಮಾನದಿಂದ ನೋಡುವುದಕ್ಕೆ ಕಾರಣ ಇದೇ.

ಸಾರ್ವಭೌಮತ್ವದ ಪ್ರಶ್ನೆಯನ್ನು ಮುಟ್ಟದೆ ಉಳಿದ ವಿಷಯಗಳಲ್ಲಿ ಸಹಕರಿಸುವ ಸೂತ್ರವೊಂದನ್ನು ಬ್ರಿಟನ್ ಮತ್ತು ಅರ್ಜೆಂಟೀನಾ 1989ರಲ್ಲಿ ಒಪ್ಪಿಕೊಂಡು, 1990ರಲ್ಲಿ ರಾಜತಾಂತ್ರಿಕ ಸಂಬಂಧ ಪುನಃ ಸ್ಥಾಪಿಸಿದವು. ಅದರ ಅತ್ಯುತ್ತಮ ಫಲ ಡಾರ್ವಿನ್ ಎಂಬ ಹಳ್ಳಿಯ ಬಳಿಯ ಸ್ಮಶಾನದಲ್ಲಿ ಕಂಡಿತು: ಹೆಸರಿಲ್ಲದ ಸಮಾಧಿಗಳಲ್ಲಿದ್ದ ಅರ್ಜೆಂಟೀನಾದ ನೂರಕ್ಕೂ ಹೆಚ್ಚು ಸೈನಿಕರ ಗುರುತನ್ನು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 2017ರಿಂದ ಡಿಎನ್‌ಎ ಪರೀಕ್ಷೆಯ ಮೂಲಕ ಪತ್ತೆಹಚ್ಚಿತು. ಯುದ್ಧಕಾಲದ ನೆಲಬಾಂಬುಗಳನ್ನು ತೆಗೆದು ಮುಗಿಸಿದ್ದು 2020ರಲ್ಲಿ. ಮೀನುಗಾರಿಕೆಯಲ್ಲಿ ಮಾತ್ರ ಸಹಕಾರ ಕೆಟ್ಟಿತು. ಒಂದೇ ವರ್ಷ ಬದುಕುವ ಇಲೆಕ್ಸ್ ಜಾತಿಯ ಸ್ಕ್ವಿಡ್ ಅರ್ಜೆಂಟೀನಾದ ನೀರಿಗೂ ದ್ವೀಪಗಳ ನೀರಿಗೂ ಓಡಾಡುವುದರಿಂದ ಅದರ ಪ್ರಮಾಣ ಅಳೆಯಲು ಇಬ್ಬರೂ ಅಂಕಿಅಂಶ ಹಂಚಿಕೊಳ್ಳಲೇಬೇಕು. ಅದಕ್ಕೆಂದೇ 1990ರಲ್ಲಿ ರಚಿಸಿದ ಜಂಟಿ ಆಯೋಗದಿಂದ ಅರ್ಜೆಂಟೀನಾ 2005ರಲ್ಲಿ ದೂರ ಸರಿಯಿತು. ಇಬ್ಬರ ವಲಯಗಳ ಹೊರಗೆ, 200 ನಾಟಿಕಲ್ ಮೈಲಿಗಳ ಗೆರೆಯಾಚೆ, ಯಾರ ಪರವಾನಗಿಯೂ ಬೇಕಿಲ್ಲದ ದೂರದೇಶಗಳ ನೂರಾರು ದೋಣಿಗಳು ಪ್ರತಿ ಋತುವಿನಲ್ಲಿ ಅದೇ ಸ್ಕ್ವಿಡ್ಡನ್ನು ದೀಪ ಹಾಕಿ ಹಿಡಿಯುತ್ತವೆ. 2024ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ಭೇಟಿಯಾದಾಗ ಒಪ್ಪಿಕೊಂಡ ಕಾರ್ಯಪಟ್ಟಿಯಲ್ಲಿ ಸಾರ್ವಭೌಮತ್ವ ಇರಲಿಲ್ಲ. ವಿಮಾನಸಂಚಾರದ ಪುನರಾರಂಭ, ಸತ್ತವರ ಸಂಬಂಧಿಕರ ಸಮಾಧಿಭೇಟಿ ಮತ್ತು ಮೀನಿನ ಲೆಕ್ಕ ಇದ್ದವು.